ಪಿಎಂ 2.5 ಕೈಮೀಟರ್ ವಿಮರ್ಶೆ: ಹೊಗೆಗೆ ನಂಬಿ, ಹುಬ್ಬಳ್ಳಿಯ ಧೂಳಿಗೆ ನಂಬಬೇಡಿ

ಆನ್‌ಲೈನ್‌ನಲ್ಲಿ ಎರಡು-ಮೂರು ಸಾವಿರ ರೂಪಾಯಿಯಿಂದ ಹತ್ತು-ಹನ್ನೆರಡು ಸಾವಿರದವರೆಗೆ ಸಿಗುವ, ಅಂಗೈ ಅಗಲದ ಗಾಳಿ ಮೀಟರ್‌ಗಳ ವಿಮರ್ಶೆ ಇದು. ಇವು ತೋರಿಸುವ ಪಿಎಂ 2.5 ಎಂದರೆ ಗಾಳಿಯಲ್ಲಿ ತೇಲುವ, 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಒಂದು ಕಂಪನಿಯ ಹೆಸರು ಹಿಡಿದು ಬರೆದರೆ ಪ್ರಯೋಜನ ಕಡಿಮೆ. ಹೊರಗಿನ ಪೆಟ್ಟಿಗೆ ನೂರು ಬಗೆಯದಿದ್ದರೂ ಒಳಗೆ ಕೆಲಸ ಮಾಡುವ ಸೆನ್ಸರ್‌ಗಳು ಬೆರಳೆಣಿಕೆಯಷ್ಟೇ: ಪ್ಲಾನ್‌ಟವರ್‌ನ ಪಿಎಂಎಸ್ 5003 ಮತ್ತು ಅದೇ ಸರಣಿಯವು, ನೋವಾದ ಎಸ್‌ಡಿಎಸ್ 011, ಸೆನ್ಸಿರಿಯಾನ್‌ನ ಎಸ್‌ಪಿಎಸ್ 30. ಇವುಗಳ ಗುಣ-ದೋಷ ತಿಳಿದರೆ ಯಾವ ಪೆಟ್ಟಿಗೆ ಕೈಗೆ ಬಂದರೂ ಅದರ ಮಾತನ್ನು ಎಷ್ಟು ನಂಬಬೇಕೆಂದು ಗೊತ್ತಾಗುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಒಲೆಯ ಹೊಗೆ, ಊದುಬತ್ತಿ, ಕಸ ಸುಟ್ಟ ಹೊಗೆ, ಪಟಾಕಿ, ಚಳಿಗಾಲದ ಬೆಳಗ್ಗೆ ನೆಲಕ್ಕೆ ಅಂಟಿಕೊಂಡ ಮಬ್ಬು, ಇವನ್ನು ನೋಡುವುದಕ್ಕಾದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕಿತ್ತು ಹಾಕಿದ ರಸ್ತೆಯ ಧೂಳು, ಬೇಸಿಗೆಯ ಎರೆಮಣ್ಣು, ಜಲ್ಲಿ ಕ್ರಷರ್, ರಾಶಿ ಮಾಡುವಾಗ ಹಾರುವ ಹೊಟ್ಟು, ಇವನ್ನು ಅಳೆಯುತ್ತೇನೆಂದು ಹೊರಟರೆ ಮೀಟರ್ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ದೊಡ್ಡ ತಕರಾರೇ ಧೂಳು. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಕಲಬುರಗಿಯ ಜೊತೆ ಹುಬ್ಬಳ್ಳಿ-ಧಾರವಾಡ ಸೇರಿದ್ದು ಪಿಎಂ 10ರ (10 ಮೈಕ್ರಾನ್‌ವರೆಗಿನ ಕಣಗಳ) ಕಾರಣಕ್ಕೆ, ಅಂದರೆ ಮುಖ್ಯವಾಗಿ ದಪ್ಪ ಕಣಗಳ ಕಾರಣಕ್ಕೆ. ಹಾಗಾಗಿ ಈ ಮಿತಿಯನ್ನು ತಿಳಿಯದೆ ಇಲ್ಲಿ ಯಾರೂ ಮೀಟರ್ ಕೊಳ್ಳಬಾರದು.

ಒಳಗೆ ಏನಿದೆ

ಪೆಟ್ಟಿಗೆ ಬಿಚ್ಚಿದರೆ ಒಂದು ಪುಟ್ಟ ಫ್ಯಾನ್, ಒಂದು ಲೇಸರ್ ಡಯೋಡ್, ಅದಕ್ಕೆ ಅಡ್ಡಲಾಗಿ ಒಂದು ಬೆಳಕು ಹಿಡಿಯುವ ಡಯೋಡ್, ಮತ್ತು ಲೆಕ್ಕ ಮಾಡುವ ಚಿಪ್. ಫ್ಯಾನ್ ಗಾಳಿ ಎಳೆಯುತ್ತದೆ, ಕಣಗಳು ಲೇಸರ್ ಕಿರಣದ ಮುಂದೆ ಹಾಯುತ್ತವೆ, ಚದುರಿದ ಬೆಳಕನ್ನು ಡಯೋಡ್ ಹಿಡಿಯುತ್ತದೆ. ಬೆಳಕಿನಿಂದ ಕಣದ ಗಾತ್ರವನ್ನೂ ಎಣಿಕೆಯನ್ನೂ ಅಂದಾಜಿಸಿ, ಕಾರ್ಖಾನೆಯಲ್ಲಿ ಮೊದಲೇ ತುಂಬಿಟ್ಟ ಸೂತ್ರದಿಂದ ತೂಕವನ್ನು ಊಹಿಸಿ, ಒಂದು ಘನ ಮೀಟರ್ ಗಾಳಿಯಲ್ಲಿ ಇಷ್ಟು ಮೈಕ್ರೋಗ್ರಾಂ ಎಂದು ತೋರಿಸುತ್ತದೆ. ಇಡೀ ದಾರಿಯಲ್ಲಿ ಎಲ್ಲಿಯೂ ತೂಕ ಮಾಡಿದ್ದಿಲ್ಲ ಎಂಬುದನ್ನು ಗಮನಿಸಿ.

ನಿಜವಾಗಿ ತೂಕ ಮಾಡುವ ವಿಧಾನ ಹೇಗಿರುತ್ತದೆ ಎಂದರೆ, ಒಂದು ಪಂಪು ನಿಮಿಷಕ್ಕೆ 16.7 ಲೀಟರ್ ಗಾಳಿಯನ್ನು 47 ಮಿಲಿಮೀಟರ್ ಅಗಲದ ಫಿಲ್ಟರ್ ಮೂಲಕ 24 ಗಂಟೆ ಎಳೆಯುತ್ತದೆ. ಒಟ್ಟು 24 ಘನ ಮೀಟರ್ ಗಾಳಿ. ಗಾಳಿಯಲ್ಲಿ ಪಿಎಂ 2.5 ಸರಿಯಾಗಿ 60 ಮೈಕ್ರೋಗ್ರಾಂ ಇದ್ದರೆ, ಅಂದರೆ ನಮ್ಮ ದೇಶದ 24 ಗಂಟೆಯ ಮಿತಿಗೆ ಸಮನಾಗಿದ್ದರೆ, ಫಿಲ್ಟರ್ ಮೇಲೆ ಕೂರುವುದು 1.44 ಮಿಲಿಗ್ರಾಂ. ಅದನ್ನು ತೂಗಲು ಸೂಕ್ಷ್ಮ ತಕ್ಕಡಿ ಬೇಕು. ತೂಗುವ ಮೊದಲೂ ಆಮೇಲೂ ಫಿಲ್ಟರನ್ನು ಒಂದೇ ಉಷ್ಣತೆ, ಒಂದೇ ತೇವಾಂಶದ ಕೋಣೆಯಲ್ಲಿ ಇಟ್ಟು ಹದಗೊಳಿಸಬೇಕು. ಈ ಹದ ತಪ್ಪಿದರೆ ಫಿಲ್ಟರ್ ಹೀರಿದ ನೀರೇ ಧೂಳಿನ ಲೆಕ್ಕಕ್ಕೆ ಸೇರುತ್ತದೆ. ವಾಯು ಮಾಲಿನ್ಯ ಮತ್ತು ಜನಾರೋಗ್ಯದ ವಿಜ್ಞಾನಿಗಳ ವೃತ್ತಿಜೀವನದ ದೊಡ್ಡ ಭಾಗ ಇಂಥ ಫಿಲ್ಟರ್ ಹಿಡಿದುಕೊಂಡೇ ಕಳೆಯುತ್ತದೆ. ಕೈಮೀಟರ್ ಆ ದುಡಿಮೆಗೆ ಬದಲಿಯಲ್ಲ. ತಕ್ಷಣ ತೋರಿಸುತ್ತದೆ, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಅದರ ಬಲ ಅಷ್ಟೇ, ಆದರೆ ಆ ಬಲ ಸಣ್ಣದಲ್ಲ.

ಧೂಳಿನ ವಿಷಯ

10 ಮೈಕ್ರಾನ್ ವ್ಯಾಸದ ಒಂದು ಕಣದ ತೂಕ, ಅದೇ ಸಾಂದ್ರತೆಯ 1 ಮೈಕ್ರಾನ್ ಕಣದ ಸಾವಿರ ಪಟ್ಟು. ಹಾಗಾಗಿ ತೂಕದ ಲೆಕ್ಕದಲ್ಲಿ ದಪ್ಪ ಕಣವೇ ಯಜಮಾನ, ಸಂಖ್ಯೆಯ ಲೆಕ್ಕದಲ್ಲಿ ಮಾತ್ರ ತೀರಾ ಅಪರೂಪ. ಒಂದು ಅಂದಾಜು ನೋಡಿ. ಮಣ್ಣಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟು ಎಂದು ಹಿಡಿದರೆ, ಘನ ಮೀಟರಿಗೆ 100 ಮೈಕ್ರೋಗ್ರಾಂ ಧೂಳೆಲ್ಲ 10 ಮೈಕ್ರಾನ್ ಕಣಗಳೇ ಆಗಿದ್ದರೂ ಒಂದು ಲೀಟರ್ ಗಾಳಿಯಲ್ಲಿ ಸಿಗುವುದು ಎಂಬತ್ತಕ್ಕಿಂತ ಕಡಿಮೆ ಕಣ. ಹೊಗೆಯ ಸಣ್ಣ ಕಣಗಳು ಅಷ್ಟೇ ಗಾಳಿಯಲ್ಲಿ ಸಾವಿರ ಸಾವಿರ ಇರುತ್ತವೆ. ಈ ಸೆನ್ಸರ್‌ನ ಕಿರಣದ ಮುಂದೆ ಹಾಯುವ ಗಾಳಿಯೇ ಅತ್ಯಲ್ಪ. ಅದರಲ್ಲಿ ದಪ್ಪ ಕಣ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಇನ್ನೊಂದು ಕಾರಣ ಗಾಳಿಯ ದಾರಿ. ಪೆಟ್ಟಿಗೆಯೊಳಗೆ ಗಾಳಿ ಮೂಲೆಯಲ್ಲಿ ತಿರುಗಿ ಹೋಗಬೇಕು. ಸಣ್ಣ ಕಣ ಗಾಳಿಯ ಜೊತೆ ತಿರುಗುತ್ತದೆ. ದಪ್ಪ ಕಣ ತನ್ನ ವೇಗದಲ್ಲೇ ನೇರ ಹೋಗಿ ಗೋಡೆಗೆ ಬಡಿದು ಅಲ್ಲೇ ಕೂರುತ್ತದೆ, ಲೇಸರ್ ತನಕ ಬರುವುದೇ ಇಲ್ಲ. ಆದರೂ ಪರದೆಯ ಮೇಲೆ ಪಿಎಂ 10 ಎಂಬ ಅಂಕಿ ಬರುತ್ತದಲ್ಲ, ಅದು ಎಲ್ಲಿಂದ? ಬಹುಮಟ್ಟಿಗೆ ಸಣ್ಣ ಕಣಗಳ ಎಣಿಕೆಯಿಂದ ಸೂತ್ರ ಹಾಕಿ ಹಿಗ್ಗಿಸಿದ್ದು. ನಿಮ್ಮ ಮೀಟರ್‌ನಲ್ಲಿ ಪಿಎಂ 2.5 ಮತ್ತು ಪಿಎಂ 10 ಯಾವಾಗ ನೋಡಿದರೂ ಒಂದೇ ಅನುಪಾತದಲ್ಲಿ ಏರಿ ಇಳಿಯುತ್ತಿದ್ದರೆ ಇದೇ ಅದಕ್ಕೆ ಸಾಕ್ಷಿ. ನಿಜವಾದ ಗಾಳಿಯಲ್ಲಿ ಆ ಅನುಪಾತ ಒಲೆಯ ಪಕ್ಕ ಒಂದು, ಮಣ್ಣಿನ ರಸ್ತೆಯ ಪಕ್ಕ ಪೂರ್ತಿ ಬೇರೆ.

ಪರಿಣಾಮ ಏನು? ಗಬ್ಬೂರು ಬೈಪಾಸ್ ಕಡೆ, ತಾರಿಹಾಳ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ, ಎಲ್ಲಿ ಲಾರಿ ಹೋದ ಮೇಲೆ ಎದುರಿನ ಅಂಗಡಿ ಕಾಣದಷ್ಟು ಧೂಳು ಏಳುತ್ತದೋ ಅಲ್ಲಿ ನಿಂತು ಮೀಟರ್ ನೋಡಿದರೆ ಅದು ಹಸಿರು ಬಣ್ಣ ತೋರಿಸುವ ಸಾಧ್ಯತೆ ಇದೆ. ಕಣ್ಣು ಹೇಳುವುದೇ ಅಲ್ಲಿ ಸರಿ. ಬಡಾವಣೆಯವರು ಇಂಥ ಫೋಟೋ ತೆಗೆದು ಪಾಲಿಕೆಗೆ ದೂರು ಕೊಡಲು ಹೋದರೆ ಆ ಹಸಿರು ಬಣ್ಣವೇ ಅವರಿಗೆ ತಿರುಗುಬಾಣವಾಗುತ್ತದೆ. ಧೂಳಿನ ದೂರಿಗೆ ಕೈಮೀಟರ್ ಸಾಕ್ಷ್ಯ ಬೇಡ. ಮಾಲಿನ್ಯ ನಿಯಂತ್ರಣ ಮಂಡಳಿಯ ಪಿಎಂ 10 ಮಾಪನವನ್ನೇ ಕೇಳಿ. ಮಿತಿ 24 ಗಂಟೆಗೆ 100, ವರ್ಷಕ್ಕೆ 60 ಮೈಕ್ರೋಗ್ರಾಂ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಇನ್ನೂ ಒಳ್ಳೆಯ ಪಾಠ. ಸೀಸನ್ನಿನಲ್ಲಿ ಚೀಲ ಸುರಿದು ತೂಗುವ ಕಡೆ ಹೊಸಬರಿಗೆ ಕೆಮ್ಮು ತಡೆಯುವುದಿಲ್ಲ. ಅಲ್ಲಿ ಹಾರುವುದು ಹೆಚ್ಚಾಗಿ ದಪ್ಪ ಪುಡಿ, ಕೆಮ್ಮು ಬರಿಸುವುದು ಅದರ ಖಾರ. ಮೀಟರಿಗೆ ಖಾರ ತಿಳಿಯುವುದಿಲ್ಲ, ದಪ್ಪ ಪುಡಿಯೂ ಸರಿಯಾಗಿ ಕಾಣುವುದಿಲ್ಲ. ಅದೇ ಮೆಣಸಿನಕಾಯಿಯನ್ನು ಮನೆಯಲ್ಲಿ ಕಾದ ಎಣ್ಣೆಗೆ ಹಾಕಿ ಒಗ್ಗರಣೆ ಮಾಡಿ ನೋಡಿ, ಮೀಟರ್ ಕ್ಷಣದಲ್ಲಿ ನೂರರ ಅಂಕಿಗಳಿಗೆ ಜಿಗಿಯುತ್ತದೆ. ಎಣ್ಣೆಯ ಹೊಗೆಯ ಕಣ ಸಣ್ಣದು, ಸೆನ್ಸರ್‌ಗೆ ಇಷ್ಟವಾದ ಗಾತ್ರ. ಹಮಾಲರ ಶ್ವಾಸಕೋಶದ ಅಧ್ಯಯನ ಮಾಡಬೇಕೆನ್ನುವ ವಿದ್ಯಾರ್ಥಿಗಳು ಈ ಪೆಟ್ಟಿಗೆ ಹಿಡಿದು ಹೋಗದೆ, ಎದೆಗೆ ಕಟ್ಟುವ ಪಂಪು-ಫಿಲ್ಟರ್ ಹಿಡಿದೇ ಹೋಗಬೇಕು.

ಕುರುಡು ಒಂದೇ ಬದಿಗಲ್ಲ. ಸುಮಾರು 0.3 ಮೈಕ್ರಾನ್‌ಗಿಂತ ಸಣ್ಣ ಕಣಗಳೂ ಈ ಲೇಸರ್‌ಗೆ ಸಿಗುವುದಿಲ್ಲ. ಡೀಸೆಲ್ ಎಂಜಿನ್ ಬಾಯಿಂದ ಆಗಷ್ಟೇ ಹೊರಬಿದ್ದ ಮಸಿಯಲ್ಲಿ 0.1 ಮೈಕ್ರಾನ್‌ಗಿಂತ ಸಣ್ಣವೇ ಸಂಖ್ಯೆಯಲ್ಲಿ ಹೆಚ್ಚು. ಚೆನ್ನಮ್ಮ ವೃತ್ತದಲ್ಲಿ ಸಿಗ್ನಲ್‌ಗೆ ನಿಂತ ಬಸ್ಸಿನ ಹಿಂದೆ ಮೀಟರ್ ತೋರಿಸುವ ಅಂಕಿ ಇದ್ದುದರಲ್ಲಿ ಒಂದು ಪಾಲು ಮಾತ್ರ. ನೈಟ್ರೋಜನ್ ಡೈಆಕ್ಸೈಡ್, ಓಝೋನ್, ಕಾರ್ಬನ್ ಮೊನಾಕ್ಸೈಡ್ ಇವು ಅನಿಲಗಳು, ಕಣದ ಸೆನ್ಸರ್‌ಗೆ ಅವುಗಳ ಗಂಧವೂ ಇಲ್ಲ.

ಮಳೆಗಾಲದಲ್ಲಿ ಹೆಚ್ಚು ತೋರಿಸುವುದೇಕೆ

ಧಾರವಾಡದವರು ಇದನ್ನು ವಿಶೇಷವಾಗಿ ಓದಬೇಕು. ತೇವಾಂಶ ಶೇ. 75-80 ದಾಟಿದಾಗ ಗಾಳಿಯಲ್ಲಿರುವ ಉಪ್ಪಿನಂಥ ಕಣಗಳು, ಅಂದರೆ ಸಲ್ಫೇಟ್, ನೈಟ್ರೇಟ್, ನೀರು ಕುಡಿದು ಉಬ್ಬುತ್ತವೆ. ಉಬ್ಬಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ. ಮೀಟರ್ ಅದನ್ನು ಮಾಲಿನ್ಯ ಎಂದೇ ಎಣಿಸುತ್ತದೆ. ಸರ್ಕಾರಿ ಮಾಪನ ಕೇಂದ್ರದ ಬೀಟಾ ಯಂತ್ರಗಳಲ್ಲಿ (ಫಿಲ್ಟರ್ ಮೇಲೆ ಕೂತ ಧೂಳನ್ನು ಬೀಟಾ ಕಿರಣದಿಂದ ಅಳೆಯುವಂಥವು) ಗಾಳಿಯ ಕೊಳವೆಯನ್ನು ಬಿಸಿ ಮಾಡಿ ತೇವ ಇಳಿಸುವ ವ್ಯವಸ್ಥೆ ಇರುತ್ತದೆ, ಕೈಮೀಟರ್‌ನಲ್ಲಿ ಇಲ್ಲ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಅಥವಾ ಕೆಲಗೇರಿ ಕೆರೆಯ ಕಡೆ ಮಂಜು ಕವಿದ ಬೆಳಗ್ಗೆ ಮೀಟರ್ 80 ಎಂದರೆ ಅದರಲ್ಲಿ ನೀರಿನ ಪಾಲೂ ಇದೆ. ಮಂಜಿನ ಹನಿ ನೇರವಾಗಿ ಒಳಗೆ ಹೋದರಂತೂ ಅಂಕಿಗೆ ಅರ್ಥವೇ ಇಲ್ಲ.

ಇದಕ್ಕೆ ಅಮೆರಿಕದ ಪರಿಸರ ಸಂಸ್ಥೆ ಪ್ಲಾನ್‌ಟವರ್ ಸೆನ್ಸರ್ ಇರುವ ಪರ್ಪಲ್‌ಏರ್ ಯಂತ್ರಗಳಿಗಾಗಿ ಒಂದು ಸೂತ್ರ ಕೊಟ್ಟಿದೆ: ಯಂತ್ರದ ಅಂಕಿಯನ್ನು 0.524ರಿಂದ ಗುಣಿಸಿ, ತೇವಾಂಶದ ಶೇಕಡಾವನ್ನು 0.0862ರಿಂದ ಗುಣಿಸಿ ಬಂದದ್ದನ್ನು ಕಳೆದು, 5.75 ಕೂಡಿಸಿ. ಇದನ್ನೇ ನಕಲು ಮಾಡಿ ಹುಬ್ಬಳ್ಳಿಗೆ ಹಾಕಬೇಡಿ. ಅದು ಅಮೆರಿಕದ ಗಾಳಿಯಲ್ಲಿರುವ ಕಣಗಳಿಗೆ ಹೊಂದಿಸಿದ ಲೆಕ್ಕ. ನೋಡಬೇಕಾದದ್ದು ಅದರ ರಚನೆ: ಯಂತ್ರ ಸುಮಾರು ಇಮ್ಮಡಿ ತೋರಿಸುತ್ತದೆ, ತೇವಾಂಶಕ್ಕೆ ಪ್ರತ್ಯೇಕ ಕಡಿತ ಬೇಕು. ಆದ್ದರಿಂದ ತೇವಾಂಶವನ್ನೂ ಜೊತೆಗೇ ದಾಖಲಿಸದ ಮೀಟರ್ ನಮ್ಮ ಮಟ್ಟಿಗೆ ಅರ್ಧ ಮೀಟರ್.

ಕೊಳ್ಳುವಾಗ

ಪೆಟ್ಟಿಗೆಯ ಮೇಲೆ 'ಒಂಬತ್ತು ಬಗೆ ಅಳೆಯುತ್ತದೆ' ಎಂದಿದ್ದರೆ ಎಚ್ಚರ. ಎರಡು-ಮೂರು ಸಾವಿರದ ಬೆಲೆಯಲ್ಲಿ ಫಾರ್ಮಾಲ್ಡಿಹೈಡ್ ನಂಬುವಂತೆ ಅಳೆಯುವುದು ಆಗದ ಮಾತು. ಪರೀಕ್ಷೆ ಸುಲಭ: ಸ್ಯಾನಿಟೈಸರ್ ಹಚ್ಚಿದ ಕೈಯನ್ನು ಹತ್ತಿರ ಹಿಡಿಯಿರಿ. ಫಾರ್ಮಾಲ್ಡಿಹೈಡ್ ಅಂಕಿ ಜಿಗಿದರೆ ಅದು ಮದ್ಯಸಾರಕ್ಕೆ ಬೆದರುವ ಸೆನ್ಸರ್. ಕಾರ್ಬನ್ ಡೈಆಕ್ಸೈಡ್ ವಿಷಯದಲ್ಲೂ ಮೋಸ ಹೆಚ್ಚು. ಅವಗೆಂಪು (ಇನ್‌ಫ್ರಾರೆಡ್) ಕಿರಣದಿಂದ ನೇರ ಅಳೆಯುವ ಸೆನ್ಸರ್ ಒಂದು ಬಗೆ, ಬೇರೆ ಅನಿಲಗಳ ವಾಸನೆ ನೋಡಿ ಊಹಿಸುವುದು ಇನ್ನೊಂದು ಬಗೆ. ಬಯಲಿನಲ್ಲಿ ಈಗ ಕಾರ್ಬನ್ ಡೈಆಕ್ಸೈಡ್ 420 ಪಿಪಿಎಂಗಿಂತ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು) ಸ್ವಲ್ಪ ಮೇಲಿದೆ. ಹೊರಗೆ ಇಟ್ಟಾಗಲೆಲ್ಲ ಸರಿಯಾಗಿ 400 ಎಂದೇ ತೋರಿಸಿ, ಸ್ಯಾನಿಟೈಸರ್‌ಗೆ ಎರಡು ಸಾವಿರಕ್ಕೆ ಏರುವ ಮೀಟರ್ ಊಹೆಯದು. ಅದಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ. ತರಗತಿ ಅಥವಾ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ, ಕಿಟಕಿ ಮುಚ್ಚಿದ ಚಿಗರಿ ಬಸ್ಸಿನ ಒಳಗಿನ ಗಾಳಿಯ ಓಡಾಟ ನೋಡಬೇಕೆಂದರೆ ನೇರ ಅಳೆಯುವ ಸೆನ್ಸರ್ ಇರುವುದನ್ನೇ ಪ್ರತ್ಯೇಕವಾಗಿ ತೆಗೆದುಕೊಳ್ಳಿ.

ನಿಜವಾಗಿ ಬೇಕಾದದ್ದು ಕೆಲವೇ. ಸೆನ್ಸರ್‌ನ ಮಾದರಿ ಹೆಸರು ಬಹಿರಂಗವಾಗಿರಬೇಕು. ಮೈಕ್ರೋಗ್ರಾಂ ಅಂಕಿ ತೋರಿಸಬೇಕು, ಬರೀ ಬಣ್ಣ ಮತ್ತು ನಗುಮುಖ ಸಾಲದು. ಸಮಯದ ಸಮೇತ ಸಿಎಸ್‌ವಿ ಫೈಲ್ (ಎಕ್ಸೆಲ್‌ನಂಥ ತಂತ್ರಾಂಶದಲ್ಲಿ ತೆರೆಯುವ ಅಂಕಿ ಪಟ್ಟಿ) ಹೊರಗೆ ತೆಗೆಯಲು ಬರಬೇಕು; ಕಂಪನಿಯ ಆ್ಯಪ್ ನಿಂತುಹೋದರೂ ನಿಮ್ಮ ದಾಖಲೆ ನಿಮ್ಮ ಬಳಿ ಉಳಿಯಬೇಕು. ತೇವಾಂಶ, ಉಷ್ಣತೆ ಬೇಕು. ಸೆನ್ಸರ್ ಬದಲಿಸಲು ಬರುವಂತಿರಬೇಕು. ಇಷ್ಟಿದ್ದರೆ ಪರದೆ ಕಪ್ಪು-ಬಿಳುಪಾದರೂ ತೊಂದರೆಯಿಲ್ಲ.

ಮೂರು ಸೆನ್ಸರ್‌ಗಳಲ್ಲಿ ಯಾವುದು? ಪಿಎಂಎಸ್ 5003ರ ತಯಾರಕರೇ ಹೇಳುವ ನಿಖರತೆ, 100 ಮೈಕ್ರೋಗ್ರಾಂವರೆಗೆ ಹತ್ತು ಮೈಕ್ರೋಗ್ರಾಂ ಆಚೀಚೆ, 100ರಿಂದ 500ರವರೆಗೆ ಶೇ. 10. ಅಂದರೆ ಪರದೆಯ ಮೇಲೆ 18 ಇದ್ದದ್ದು 23 ಆದರೆ ಗಾಳಿ ಕೆಟ್ಟಿತೆಂದು ಕಿಟಕಿ ಮುಚ್ಚಲು ಓಡುವ ಅಗತ್ಯವಿಲ್ಲ. ಎಸ್‌ಡಿಎಸ್ 011 ದೊಡ್ಡದು, ಅಗ್ಗ, ಕಟ್ಟಿಕೊಳ್ಳಲು ಸುಲಭ, ಆದರೆ ಲೇಸರ್ ಆಯಸ್ಸು 8000 ಗಂಟೆ. ನಿರಂತರ ಓಡಿಸಿದರೆ ಒಂದು ವರ್ಷವೂ ತುಂಬುವುದಿಲ್ಲ, 333 ದಿನ. ಐದು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಮಾತ್ರ ಓಡುವಂತೆ ಇಟ್ಟರೆ ಲೇಸರ್ ಹತ್ತು ಪಟ್ಟು ಬಾಳುತ್ತದೆ, ಅದಕ್ಕೂ ಮೊದಲೇ ಫ್ಯಾನ್ ಧೂಳು ತಿಂದು ಕೈಕೊಡಬಹುದು. ಎಸ್‌ಪಿಎಸ್ 30 ತುಟ್ಟಿ, ಆದರೆ ಫ್ಯಾನನ್ನು ಆಗಾಗ ಜೋರಾಗಿ ತಿರುಗಿಸಿ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ, ಹತ್ತು ವರ್ಷ ಬಾಳಿಕೆ ಎನ್ನುತ್ತಾರೆ ತಯಾರಕರು. ಶಾಲೆ, ಆಸ್ಪತ್ರೆಯಲ್ಲಿ ಕಾಯಂ ಇಡುವುದಕ್ಕೆ ನಮ್ಮ ಆಯ್ಕೆ ಇದೇ.

ಪೆಟ್ಟಿಗೆ ಬಂದ ದಿನ ಮಾಡಬೇಕಾದ ಪರೀಕ್ಷೆ

ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ ಇವನ್ನು ಮುಗಿಸಿ. ಮೊದಲನೆಯದು ಶೂನ್ಯ ಪರೀಕ್ಷೆ. ಅತಿ ಸಣ್ಣ ಕಣಗಳನ್ನೂ ಸೋಸುವ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಗಾಳಿ ಬಿಡುವ ಬಾಯಿಯ ಮುಂದೆ ಮೀಟರನ್ನು ಹತ್ತು ನಿಮಿಷ ಹಿಡಿದರೆ ಅಂಕಿ ಸೊನ್ನೆಗೆ ಅಥವಾ ಒಂದೆರಡಕ್ಕೆ ಇಳಿಯಬೇಕು. ಐದಾರರಲ್ಲಿ ಅಂಟಿಕೊಂಡರೆ ಒಳಗೆ ಧೂಳೋ ಬೆಳಕಿನ ಸೋರಿಕೆಯೋ ಇದೆ. ಎರಡನೆಯದು ಊದುಬತ್ತಿ ಪರೀಕ್ಷೆ: ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ಕಡ್ಡಿ ಹಚ್ಚಿ, ಮೀಟರನ್ನು ಎರಡು ಮೀಟರ್ ದೂರ ಇಟ್ಟು, ಅಂಕಿ ಏರಿದ ಮೇಲೆ ಕಡ್ಡಿ ನಂದಿಸಿ ಕಿಟಕಿ ತೆರೆಯಿರಿ. ಏರಿದ ಅಂಕಿ ನಯವಾಗಿ ಇಳಿಯುತ್ತ ಬರಬೇಕು. ಮೇಲೆಯೇ ನಿಂತರೆ ಫ್ಯಾನ್ ಗಾಳಿ ಎಳೆಯುತ್ತಿಲ್ಲ. ಕಡ್ಡಿಯನ್ನು ಮೀಟರ್‌ನ ಬಾಯಿಗೇ ಹಿಡಿಯಬಾರದು, ಅಂಟು ಹೊಗೆ ಒಳಗಿನ ಡಯೋಡ್ ಮೇಲೆ ಕೂತರೆ ಶೂನ್ಯ ಕಾಯಂ ಆಗಿ ಕೆಡುತ್ತದೆ. ಮೂರನೆಯದು ಜೋಡಿ ಪರೀಕ್ಷೆ: ಅದೇ ಮಾದರಿಯ ಎರಡು ಮೀಟರ್ ಪಕ್ಕ ಪಕ್ಕ ಒಂದು ದಿನ ಇಟ್ಟು ಗಂಟೆಗಂಟೆಯ ಸರಾಸರಿ ಹೋಲಿಸಿ. ಶೇ. 10-15ಕ್ಕಿಂತ ಹೆಚ್ಚು ಅಂತರ ಇದ್ದರೆ ಒಂದನ್ನು ಹಿಂತಿರುಗಿಸಿ.

ಎಲ್ಲಿ ಇಡಬೇಕೆಂಬುದರಲ್ಲೂ ತಪ್ಪು ಸಾಮಾನ್ಯ. ಕೂತು ಉಸಿರಾಡುವ ಎತ್ತರದಲ್ಲಿ, ಗೋಡೆಯಿಂದ ಒಂದು ಗೇಣು ದೂರ, ಬಿಸಿಲು ಬೀಳದ ಕಡೆ, ಫ್ಯಾನಿನ ನೇರ ಗಾಳಿಗೆ ಸಿಗದಂತೆ ಇಡಿ. ಬಿಸಿಲು ಪೆಟ್ಟಿಗೆಯ ಸಂದಿಯಿಂದ ಡಯೋಡ್ ಮೇಲೆ ಬಿದ್ದರೆ ಸುಳ್ಳು ಅಂಕಿ ಬರುತ್ತದೆ.

ಅಂಕಿ ಓದುವ ಬಗೆ

ಹೆಚ್ಚಿನ ಮೀಟರ್‌ಗಳ ಎಕ್ಯೂಐ, ಅಂದರೆ ಗಾಳಿ ಗುಣಮಟ್ಟ ಸೂಚ್ಯಂಕ, ಅಮೆರಿಕದ ಲೆಕ್ಕದ್ದು. ಪಿಎಂ 2.5 ಘನ ಮೀಟರಿಗೆ 50 ಮೈಕ್ರೋಗ್ರಾಂ ಇದ್ದಾಗ ಅಮೆರಿಕದ ಸೂಚ್ಯಂಕ 137ರ ಆಸುಪಾಸು, ಭಾರತದ ಸೂಚ್ಯಂಕ 83. ಮೊದಲನೆಯದು ಸೂಕ್ಷ್ಮ ಆರೋಗ್ಯದವರಿಗೆ ಹಾನಿಕರ ಎನ್ನುತ್ತದೆ, ಎರಡನೆಯದು ತೃಪ್ತಿಕರ ಎನ್ನುತ್ತದೆ. ಗಾಳಿ ಒಂದೇ. ಮನೆಯ ಮೀಟರನ್ನು ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಜೊತೆ ಹೋಲಿಸಿ ಒಂದು ಸುಳ್ಳು ಎಂದು ಜಗಳಾಡುವುದಕ್ಕೆ ಇದೇ ಮೂಲ. ಎಕ್ಯೂಐ ಬಿಟ್ಟು ಮೈಕ್ರೋಗ್ರಾಂ ಅನ್ನೇ ಹೋಲಿಸಿ. ಇನ್ನೊಂದು ವ್ಯತ್ಯಾಸ ಸಮಯದ್ದು: ಸರ್ಕಾರಿ ಸೂಚ್ಯಂಕ ಕಣಗಳಿಗೆ 24 ಗಂಟೆಯ ಸರಾಸರಿ ಹಿಡಿಯುತ್ತದೆ, ಕನಿಷ್ಠ 16 ಗಂಟೆಯ ದಾಖಲೆ ಇಲ್ಲದಿದ್ದರೆ ಲೆಕ್ಕವೇ ಹಾಕುವುದಿಲ್ಲ. ನಿಮ್ಮ ಮೀಟರ್ ತೋರಿಸುವುದು ಈ ಕ್ಷಣದ್ದು, ಹೋಲಿಸಬೇಕಾದರೆ ಅದರದ್ದೂ ದಿನದ ಸರಾಸರಿ ತೆಗೆಯಬೇಕು. ಕರೆಂಟ್ ಹೋಗುವ ಬಡಾವಣೆಗಳಲ್ಲಿ ಪವರ್ ಬ್ಯಾಂಕ್ ಜೋಡಿಸದಿದ್ದರೆ ಈ 16 ಗಂಟೆ ತುಂಬುವುದು ಕಷ್ಟ.

ಮಿತಿಗಳಲ್ಲೂ ಎರಡು ಪಟ್ಟಿ ಇವೆ. ನಮ್ಮ ದೇಶದ 2009ರ ಮಾನದಂಡದಂತೆ ಪಿಎಂ 2.5 ವರ್ಷದ ಸರಾಸರಿ 40, ದಿನದ್ದು 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಳಿಸಿದ್ದು ವರ್ಷಕ್ಕೆ 5, ದಿನಕ್ಕೆ 15. ಈ ಅಂತರ ಸುಮ್ಮನೆ ಹುಟ್ಟಿದ್ದಲ್ಲ. 1993ರಲ್ಲಿ ಡಗ್ಲಸ್ ಡಾಕರಿ, ಆರ್ಡೆನ್ ಪೋಪ್ ಮತ್ತು ಸಂಗಡಿಗರು ಅಮೆರಿಕದ ಆರು ಊರುಗಳ 8,111 ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಹಿಂಬಾಲಿಸಿದ ಅಧ್ಯಯನ ಪ್ರಕಟಿಸಿದರು. ಧೂಮಪಾನ ಮುಂತಾದವನ್ನು ಲೆಕ್ಕದಿಂದ ಬೇರ್ಪಡಿಸಿದ ಮೇಲೂ ಅತಿ ಕೊಳಕು ಗಾಳಿಯ ಸ್ಟೂಬೆನ್‌ವಿಲ್‌ನಲ್ಲಿ ಸಾವಿನ ದರ ಅತಿ ಶುದ್ಧ ಗಾಳಿಯ ಪೋರ್ಟೇಜ್‌ಗಿಂತ ಶೇ. 26 ಹೆಚ್ಚಿತ್ತು. ಆಮೇಲಿನ ದಶಕಗಳ ಅಧ್ಯಯನಗಳು ಇನ್ನೂ ಕಡಿಮೆ ಮಟ್ಟದಲ್ಲೂ ಹಾನಿ ಕಂಡವು, ಮಿತಿ ಇಳಿಯುತ್ತ ಬಂತು.

ಈ ಮೀಟರ್ ಬೆಲೆ ತೀರಿಸುವ ಜಾಗ: ಅಡುಗೆಮನೆ

ಕರ್ಕ್ ಸ್ಮಿತ್ (1947-2020) ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳಲ್ಲಿ ಒಲೆ ಮುಂದೆ ಕೂತ ಹೆಂಗಸರ ಮೈಗೇ ಪಂಪು-ಫಿಲ್ಟರ್ ಕಟ್ಟಿ ಅವರು ಉಸಿರಾಡುವ ಹೊಗೆಯನ್ನು ಅಳೆದರು. ಅಲ್ಲಿಯವರೆಗೆ ಗಾಳಿಯ ಮಾಲಿನ್ಯ ಎಂದರೆ ಕಾರ್ಖಾನೆ ಚಿಮಣಿ, ನಗರದ ಆಕಾಶ. ಚಿಮಣಿ ಎಷ್ಟು ಉಗುಳುತ್ತದೆ ಎಂಬುದಕ್ಕಿಂತ ಜನ ಎಷ್ಟು ಒಳಗೆ ಎಳೆಯುತ್ತಾರೆ ಎಂಬುದನ್ನು ಅಳೆಯಿರಿ ಎಂಬುದು ಅವರ ಇಡೀ ವೃತ್ತಿಯ ಒತ್ತಾಯ. ಕೈಮೀಟರ್ ಸರಿಯಾಗಿ ಹೊಂದುವುದು ಈ ಕೆಲಸಕ್ಕೇ.

ಲೆಕ್ಕ ಹೀಗೆ. ಹೊರಗಿನ ಗಾಳಿ 40 ಮೈಕ್ರೋಗ್ರಾಂ ಎಂದಿಟ್ಟುಕೊಳ್ಳಿ. ರೊಟ್ಟಿ ಬಡಿಯುವ ಒಬ್ಬಾಕೆ ಕಟ್ಟಿಗೆ ಒಲೆಯ ಮುಂದೆ ದಿನಕ್ಕೆ 3 ಗಂಟೆ 400ರ ಗಾಳಿಯಲ್ಲಿರುತ್ತಾಳೆ, ಉಳಿದ 21 ಗಂಟೆ 40ರಲ್ಲಿ. ಮೂರನ್ನು ನಾನೂರರಿಂದ ಗುಣಿಸಿದರೆ 1200, ಇಪ್ಪತ್ತೊಂದನ್ನು ನಲವತ್ತರಿಂದ ಗುಣಿಸಿದರೆ 840. ಕೂಡಿಸಿ 24ರಿಂದ ಭಾಗಿಸಿದರೆ 85. ಊರಿನ ಮಾಪನ ಕೇಂದ್ರ 'ಮಿತಿಯೊಳಗೆ' ಎನ್ನುವ ದಿನ ಆಕೆಯ ಉಸಿರು ದಿನದ ಮಿತಿ ದಾಟಿದೆ. ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಡುವ ಮನೆಗಳಲ್ಲಿ 3 ಗಂಟೆ ಎಂಬುದು 6-7 ಗಂಟೆಯೂ ಆಗುತ್ತದೆ.

ಅಳೆಯುವಾಗ ಮೀಟರನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಡಬೇಡಿ. ಅಡುಗೆ ಮಾಡುವವರ ಮೂಗಿನ ಎತ್ತರದಲ್ಲಿ, ಪಕ್ಕದಲ್ಲಿ ಒಂದು ತೋಳಿನಷ್ಟು ದೂರ ಇಡಿ. ಹಿಟ್ಟು ನಾದುವಾಗ ಹಾರುವ ಹಿಟ್ಟಿನ ಪುಡಿ ಒಳಗೆ ಹೋಗಿ ಸೆನ್ಸರ್ ಕೆಡಿಸದಂತೆ ನೋಡಿಕೊಳ್ಳಿ, ಕುಕ್ಕರ್ ಸೀಟಿಯ ಉಗಿ ತಾಗದಂತೆಯೂ. ಒಲೆ ಹಚ್ಚುವುದಕ್ಕೆ ಅರ್ಧ ಗಂಟೆ ಮೊದಲಿನಿಂದ ಆರಿ ಒಂದು ಗಂಟೆಯಾಗುವವರೆಗೆ ಓಡಿಸಿ. ಒಂದು ದಿನ ಕಿಟಕಿ ಮುಚ್ಚಿ, ಒಂದು ದಿನ ತೆರೆದು, ಒಂದು ದಿನ ಎಕ್ಸಾಸ್ಟ್ ಫ್ಯಾನ್ ಹಾಕಿ, ಒಂದು ದಿನ ಗ್ಯಾಸಿನ ಮೇಲೆ ಅದೇ ರೊಟ್ಟಿ ಮಾಡಿ. ಹೊಗೆಯ ವಿಷಯದಲ್ಲಿ ಈ ಮೀಟರ್‌ನ ಅಂಕಿ ನೂರಕ್ಕೆ ನೂರು ಸರಿಯಿಲ್ಲದಿದ್ದರೂ ಅದೇ ಒಲೆ, ಅದೇ ಕಟ್ಟಿಗೆ, ಅದೇ ಕೋಣೆಯಲ್ಲಿ ಮೊದಲಿಗೂ ನಂತರಕ್ಕೂ ಇರುವ ಅಂತರವನ್ನು ನೆಚ್ಚಿಕೊಳ್ಳಬಹುದು. ಎರಡು ಕಡೆಯೂ ದೋಷ ಒಂದೇ ದಿಕ್ಕಿನಲ್ಲಿರುತ್ತದೆ.

ಒಂದು ಎಚ್ಚರ. ಸ್ಮಿತ್ ತಂಡ ಗ್ವಾಟೆಮಾಲದಲ್ಲಿ ಚಿಮಣಿ ಒಲೆ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2011ರಲ್ಲಿ ಬಂತು. ಮಕ್ಕಳು ಉಸಿರಾಡುವ ಹೊಗೆ ಅರ್ಧದಷ್ಟು ಇಳಿದರೂ ವೈದ್ಯರು ಗುರುತಿಸಿದ ಒಟ್ಟು ನ್ಯುಮೋನಿಯಾದಲ್ಲಿ ಖಚಿತ ಎನ್ನುವಂಥ ಇಳಿಕೆ ಕಾಣಲಿಲ್ಲ, ತೀವ್ರ ನ್ಯುಮೋನಿಯಾ ಮಾತ್ರ ಇಳಿಯಿತು. ಮೀಟರ್ 400ರಿಂದ 200ಕ್ಕೆ ಇಳಿದದ್ದು ಕಂಡು ಕೆಲಸ ಮುಗಿಯಿತೆಂದು ತಿಳಿಯುವಂತಿಲ್ಲ.

ಊರಿನ ಕೇಂದ್ರದ ಜೊತೆ ಜೋಡಿಸುವುದು

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ, ಗದಗಿನ ಪಂಚಾಲ ನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರಗಳಿವೆ. ಕೇಂದ್ರೀಯ ಮಂಡಳಿಯ ಜಾಲತಾಣದಿಂದ ಅವುಗಳ ಹದಿನೈದು ನಿಮಿಷದ, ಗಂಟೆಯ ದಾಖಲೆಯನ್ನು ಯಾರಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಕೇಂದ್ರದ ಹತ್ತಿರದ ಯಾವುದಾದರೂ ಮನೆಯ ಮಾಳಿಗೆಯ ಮೇಲೆ, ನೆರಳಿನಲ್ಲಿ, ಮೀಟರನ್ನು ಎರಡು ವಾರ ಇಟ್ಟು ಗಂಟೆಯ ಸರಾಸರಿಗಳನ್ನು ಒಂದಕ್ಕೊಂದು ಎದುರಾಗಿ ಗ್ರಾಫ್‌ನಲ್ಲಿ ಗುರುತಿಸಿ. ಮೀಟರ್ 60 ಎಂದಾಗ ಕೇಂದ್ರ ಸರಾಸರಿ 45 ಎನ್ನುತ್ತಿದ್ದರೆ ನಿಮ್ಮ ಗುಣಕ 0.75. ಈ ಗುಣಕವನ್ನು ಮಳೆಗಾಲಕ್ಕೆ, ಚಳಿಗೆ, ಬೇಸಿಗೆಗೆ ಬೇರೆ ಬೇರೆ ತೆಗೆಯಿರಿ. ಚಳಿಗಾಲದಲ್ಲಿ ಹೊಗೆಯ ಪಾಲು ಹೆಚ್ಚು, ಮಾರ್ಚ್‌ನಿಂದ ಮೇವರೆಗೆ ಮಣ್ಣಿನ ಪಾಲು ಹೆಚ್ಚು. ಒಂದೇ ಗುಣಕ ವರ್ಷವಿಡೀ ನಡೆಯುವುದಿಲ್ಲ. ಪಿಎಂ 10ಕ್ಕೆ ಈ ಗ್ರಾಫ್ ಹಾಕಿದರೆ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗುವುದನ್ನೂ ನೋಡಬಹುದು.

ಸ್ವಂತ ಕಟ್ಟಿಕೊಳ್ಳುವವರಿಗೆ: ಎಸ್‌ಡಿಎಸ್ 011, ನೋಡ್‌ಎಂಸಿಯು ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್ ಹಲಗೆ), ಡಿಎಚ್‌ಟಿ 22 ತೇವಾಂಶ ಸೆನ್ಸರ್, 6 ಮಿಲಿಮೀಟರ್ ಒಳವ್ಯಾಸದ ಒಂದು ಗೇಣು ಕಪ್ಪು ಕೊಳವೆ, ಪ್ಲಂಬಿಂಗ್ ಅಂಗಡಿಯ ಎರಡು 75 ಮಿಲಿಮೀಟರ್ ಪಿವಿಸಿ ಬೆಂಡ್. ಸೆನ್ಸರ್‌ಗೆ 5 ವೋಲ್ಟ್, ಅದರ ಟಿಎಕ್ಸ್ (ಅಂಕಿ ಕಳಿಸುವ ತಂತಿ) ಬೋರ್ಡಿನ ಡಿ1ಕ್ಕೆ, ಆರ್‌ಎಕ್ಸ್ (ಪಡೆಯುವ ತಂತಿ) ಡಿ2ಕ್ಕೆ, ತೇವಾಂಶದ ತಂತಿ ಡಿ7ಕ್ಕೆ. ಬೆಂಡ್‌ಗಳ ಬಾಯಿ ಎರಡೂ ಕೆಳಮುಖವಾಗಿರಲಿ, ಸಣ್ಣ ಜಾಲರಿ ಕಟ್ಟಿ. ಜೇಡ ಒಳಗೆ ಗೂಡು ಕಟ್ಟಿದರೆ ಅಂಕಿ ಏಕಾಏಕಿ ಏರಿ ಅಲ್ಲೇ ನಿಲ್ಲುತ್ತದೆ. ಧಾರವಾಡದ ಅಡ್ಡಮಳೆಗೆ ಬೆಂಡ್ ಒಂದೇ ಸಾಲದು, ಮೇಲೊಂದು ಮಾಡು ಬೇಕು.

ದಿನದಿನದ ದಾಖಲೆಯ ಬೆಲೆ ಏನೆಂದು ತಿಳಿಯಲು ಆರ್ಡೆನ್ ಪೋಪ್ ಅವರ ಮೊದಲ ಕೆಲಸ ನೋಡಿ. ಅವರು ಅರ್ಥಶಾಸ್ತ್ರಜ್ಞ. ಅಮೆರಿಕದ ಯೂಟಾ ಕಣಿವೆಯ ಉಕ್ಕಿನ ಕಾರ್ಖಾನೆ 1986ರ ಆಗಸ್ಟ್‌ನಿಂದ 1987ರ ಸೆಪ್ಟೆಂಬರ್‌ವರೆಗೆ ಮುಚ್ಚಿತ್ತು. ಗಾಳಿಯ ದಾಖಲೆಯನ್ನೂ ಆಸ್ಪತ್ರೆಯ ದಾಖಲೆಯನ್ನೂ ಎದುರುಬದುರು ಇಟ್ಟಾಗ, ಕಾರ್ಖಾನೆ ನಡೆದ ಚಳಿಗಾಲಗಳಲ್ಲಿ ಉಸಿರಾಟದ ತೊಂದರೆಗೆ ದಾಖಲಾದ ಮಕ್ಕಳ ಸಂಖ್ಯೆ ಮುಚ್ಚಿದ ಚಳಿಗಾಲದ ಎರಡು-ಮೂರು ಪಟ್ಟು ಇತ್ತು. 1989ರಲ್ಲಿ ಇದು ಪ್ರಕಟವಾಯಿತು. ಯಾರೂ ಆ ಪ್ರಶ್ನೆ ಕೇಳುವ ಮೊದಲೇ ಎರಡೂ ದಾಖಲೆ ನಿತ್ಯವೂ ಬರೆದಿಟ್ಟಿದ್ದರಿಂದ ಆ ಕೆಲಸ ಸಾಧ್ಯವಾಯಿತು. ನಮ್ಮಲ್ಲಿ ರಸ್ತೆ ಕಾಮಗಾರಿ ಶುರುವಾಗುವ ಮೊದಲಿನ ಅಂಕಿ ಯಾರ ಬಳಿಯೂ ಇರುವುದಿಲ್ಲ, ಮುಗಿದ ಮೇಲಷ್ಟೇ ಮೀಟರ್ ಬರುತ್ತದೆ. ಶಾಲೆ-ಕಾಲೇಜುಗಳು ಮೀಟರ್ ಕೊಂಡರೆ ಪ್ರದರ್ಶನದ ದಿನ ಮಾತ್ರ ಹೊರಗೆ ತೆಗೆಯದೆ ವರ್ಷಪೂರ್ತಿ ಓಡಿಸಲಿ. ಮಕ್ಕಳ ಗೈರುಹಾಜರಿಯ ಪುಸ್ತಕ ಪಕ್ಕದಲ್ಲೇ ಇದೆ.

ನಿರ್ವಹಣೆ

ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಉಳಿದಂತೆ ಮೂರು ತಿಂಗಳಿಗೊಮ್ಮೆ, ಕರೆಂಟ್ ತೆಗೆದು ಕ್ಯಾಮೆರಾ ಸ್ವಚ್ಛಗೊಳಿಸುವ ರಬ್ಬರ್ ಬಲೂನಿನಿಂದ ಬಾಯಿಗೆ ಮೆಲ್ಲಗೆ ಗಾಳಿ ಊದಿ. ಬಾಯಿಂದ ಊದಿದರೆ ತೇವ ಒಳಗೆ ಹೋಗುತ್ತದೆ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡಿದರೆ ಫ್ಯಾನಿನ ಬೇರಿಂಗ್ ಮುರಿಯುತ್ತದೆ. ಸೆನ್ಸರ್‌ನ ಲೋಹದ ಕವಚ ಬಿಚ್ಚಬೇಡಿ. ಒಳಗಿನ ಲೇಸರ್‌ಗೋ ಡಯೋಡಿಗೋ ಬೆರಳು ತಾಗಿದರೆ ಕಾರ್ಖಾನೆಯ ಹೊಂದಿಕೆ ಹೋಯಿತು. ಫ್ಯಾನ್ ಗರಗರ ಸದ್ದು ಮಾಡತೊಡಗಿದರೆ, ಶೂನ್ಯ ಪರೀಕ್ಷೆಯಲ್ಲಿ ಅಂಕಿ ಇಳಿಯದಿದ್ದರೆ, ಅಥವಾ ಜೋಡಿ ಮೀಟರ್‌ಗಿಂತ ವಾರದಿಂದ ವಾರಕ್ಕೆ ಕಡಿಮೆ ತೋರಿಸುತ್ತ ಬಂದರೆ ಸೆನ್ಸರ್ ಬದಲಿಸುವ ಕಾಲ. ಕೊನೆಯದು ಅಪಾಯಕಾರಿ ಬಗೆ. ಲೇಸರ್ ಮಂಕಾಗುತ್ತಿದ್ದಂತೆ ಮೀಟರ್ ಗಾಳಿ ಸುಧಾರಿಸುತ್ತಿದೆ ಎನ್ನುತ್ತ ಹೋಗುತ್ತದೆ, ನೋಡುವವರಿಗೆ ಸಂಶಯವೇ ಬರುವುದಿಲ್ಲ. ಬರೀ ಸೆನ್ಸರ್ ಬಿಡಿಯಾಗಿ ಸಿಗುತ್ತದೆ, ಐದು ತಂತಿಯ ಕನೆಕ್ಟರ್ ಇರುವ ಮಾದರಿಗೆ ಎಂಟು ತಂತಿಯದು ಕೂರುವುದಿಲ್ಲ, ಆದ್ದರಿಂದ ಹಳೆಯದರ ಹಿಂಬದಿಯ ಮಾದರಿ ಸಂಖ್ಯೆ ನೋಡಿಯೇ ತರಿಸಿ. ಬದಲಿಸಿದ ದಿನಾಂಕವನ್ನು ದಾಖಲೆಯ ಫೈಲಿನಲ್ಲೇ ಬರೆದು, ಕೇಂದ್ರದ ಜೊತೆಗಿನ ಎರಡು ವಾರದ ಹೋಲಿಕೆಯನ್ನು ಮತ್ತೊಮ್ಮೆ ಮೊದಲಿನಿಂದ ಮಾಡಿ.